ಬಾಗಿಲು ತೆಗೆದೇ ಇದೆ

ಪೀಣ್ಯದ ಎರಡನೇ ಹಂತದಲ್ಲಿ, ಬೇರಿಂಗ್ ಅಂಗಡಿಯ ಮಹಡಿ ಮೇಲೆ, ಕಾರ್ಮಿಕರಿಗಾಗಿಯೇ ಒಂದು ಪುಟ್ಟ ರೇಡಿಯೋ ಸ್ಟೇಷನ್ ಇತ್ತು. ಫಸ್ಟ್ ಶಿಫ್ಟಿನ ಜನಕ್ಕೆ ಬೆಳಗಾಗುತ್ತಿದ್ದದ್ದೇ ಅಲ್ಲಿಂದ ಬರುವ ಆವಲಪ್ಪನ ದನಿಯಿಂದ. ಲೇತ್ ಪಕ್ಕದಲ್ಲಿ, ಟೀ ಅಂಗಡಿಯಲ್ಲಿ, ಶೀಟ್ ಮನೆಗಳ ಕಿಟಕಿಯಲ್ಲಿ, ಎಲ್ಲೆಲ್ಲೂ ಅವನೇ. ಅಂಥವನು, 2012ರ ಒಂದು ಬೆಳಿಗ್ಗೆ ವೇಣಿ ಸ್ಟುಡಿಯೋಗೆ ಕಾಲಿಟ್ಟಾಗ, ಹೊಸ ಕಂಪ್ಯೂಟರಿಗೆ ಟವೆಲ್ ಹೊದಿಸಿ ಅದಕ್ಕೆ ಬೆನ್ನು ಮಾಡಿ ಕೂತಿದ್ದ.

"ಧೂಳು ಕೂರುತ್ತೆ ಮೇಡಂ," ಎಂದ, ಕೇಳದಿದ್ದರೂ.

"ಉಪಯೋಗಿಸಿದ್ರೆ ಕೂರಲ್ಲ ಸಾರ್," ಎಂದಳು ವೇಣಿ.

ಅವನು ತಿರುಗಿ ನೋಡಿದ. ನಲವತ್ತೇಳು ದಾಟಿದ ಮುಖ, ಅರ್ಧ ನೆರೆತ ಮೀಸೆ, ತುಂಟತನ ಬಿಡದ ಕಣ್ಣು. ತನ್ನನ್ನು ಮನೆಗೆ ಕಳಿಸಲು ಬಂದವಳು ಇವಳೇ ಎಂದು ಆ ಕಣ್ಣು ಆಗಲೇ ತೀರ್ಮಾನ ಮಾಡಿತ್ತು. ಪಾಪ, ಅವಳು ಬಂದದ್ದು ಕಲಿಸಲು. ಮಾಕಳಿಯವಳು, ಮೂವತ್ತಾರು ದಾಟಿದವಳು, ಅಮ್ಮನ ಕಾಯಿಲೆಯಲ್ಲಿ ಮದುವೆಯ ಮಾತು ಮರೆತವಳು. ಸ್ಟೇಷನ್‌ನಿಂದ ಸ್ಟೇಷನ್‌ಗೆ ಹೋಗಿ ಪ್ರಸಾರದ ಸಾಫ್ಟ್‌ವೇರ್ ಕಲಿಸುವುದು ಅವಳ ಕೆಲಸ.

ಆದರೆ ಇವನಂಥ ಶಿಷ್ಯ ಅವಳಿಗೆ ಸಿಕ್ಕಿರಲಿಲ್ಲ. ಕ್ಯಾಸೆಟ್ಟು, ಸೀಡಿ ಎಲ್ಲ ಕಣ್ಣು ಮುಚ್ಚಿ ಹಾಕುತ್ತಿದ್ದವನು ಮೌಸ್ ಹಿಡಿದರೆ ಬೆವರುತ್ತಿದ್ದ. ಅವನ ಮೊದಲ ಕ್ಲಿಕ್ಕಿಗೂ ಎರಡನೇ ಕ್ಲಿಕ್ಕಿಗೂ ನಡುವೆ ಕೆಳಗಿಳಿದು ಒಂದು ಟೀ ಕುಡಿದು ಬರಬಹುದಿತ್ತು. ಒಂದು ದಿನ ತಡೆಯಲಾರದೆ ಅವಳು ಅವನ ಕೈ ಮೇಲೆ ಕೈಯಿಟ್ಟು ಟಕಟಕ ಎಂದು ಒತ್ತಿಸಿದಳು. ಹಾಡು ಶುರುವಾಯಿತು. ಇಬ್ಬರೂ ಕೈ ತೆಗೆಯಲಿಲ್ಲ. ಹಾಡು ಮುಗಿದು ಮೌನ ಪ್ರಸಾರವಾಗತೊಡಗಿದಾಗಲೇ ಇಬ್ಬರಿಗೂ ಎಚ್ಚರವಾದದ್ದು.

ಪ್ರತಿ ಬೆಳಿಗ್ಗೆ ಅವನು ಒಂದೇ ಮಾತಿನಿಂದ ಶುರು ಮಾಡುತ್ತಿದ್ದ: "ನಾನು ಇಲ್ಲೇ ಇದ್ದೀನಿ, ಬಾಗಿಲು ತೆಗೆದೇ ಇದೆ, ಬನ್ನಿ." ಬರೀ ಬಾಯಿಮಾತಲ್ಲ. ಐಡಿ ಕಾರ್ಡ್ ಕಳೆದುಕೊಂಡವರು, ರಕ್ತ ಬೇಕಾದವರು, ರೂಮು ಹುಡುಕುವವರು ನಿಜಕ್ಕೂ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವನು ಅವರನ್ನು ಮೈಕಿನ ಮುಂದೆಯೇ ಕೂರಿಸಿ ಮಾತಾಡಿಸುತ್ತಿದ್ದ. ಹಾಗಾಗಿ ವರ್ಷಗಳಿಂದ ಅವನು ಬೆಳಗಿನ ತಿಂಡಿಯನ್ನು ಬಿಸಿಯಾಗಿ ತಿಂದವನಲ್ಲ. ಮೈಕನ್ನೇ ಕಟ್ಟಿಕೊಂಡವನು ಎಂದು ಊರವರು ನಗುತ್ತಿದ್ದರು.

ಈ ಬಿಸಿ ತಿಂಡಿಯ ಆಸೆ ಹುಟ್ಟಿಸಿದವಳು ವೇಣಿ. ತುಮಕೂರು ರಸ್ತೆಯಲ್ಲಿ ಒಂದು ಹೋಟೆಲಿದೆ, ತಟ್ಟೆ ಇಡ್ಲಿ ಬಾಯಲ್ಲಿಟ್ಟರೆ ಕರಗುತ್ತದೆ, ಒಂದೇ ಒಂದು ಬೆಳಿಗ್ಗೆ ಬನ್ನಿ ಎಂದಳು. ಮಾತನ್ನೆಲ್ಲ ಹಿಂದಿನ ಸಂಜೆಯೇ ರೆಕಾರ್ಡ್ ಮಾಡಿಟ್ಟರೆ ಹಾಡಿನ ನಡುನಡುವೆ ಕಂಪ್ಯೂಟರೇ ಸೇರಿಸಿ ಪ್ರಸಾರ ಮಾಡುತ್ತದೆ, ಒಂದು ನೊಣಕ್ಕೂ ಗೊತ್ತಾಗುವುದಿಲ್ಲ ಎಂದಳು. ಅದು ಸುಳ್ಳಾಗುತ್ತದಲ್ಲ ಎಂದು ಅವನು ತಲೆ ಕೆರೆದುಕೊಂಡ. ದನಿ ನಿಮ್ಮದೇ ತಾನೇ, ಸುಳ್ಳೆಲ್ಲಿ ಬಂತು ಎಂದು ಅವಳು ಕಣ್ಣರಳಿಸಿದಳು. ಆ ಕಣ್ಣಿನ ಮುಂದೆ ಅವನ ವಾದ ಎಷ್ಟು ಹೊತ್ತು ನಿಂತೀತು?

ರೆಕಾರ್ಡ್ ಮಾಡುವಾಗ ಅವನು ಆ ಮೊದಲ ಮಾತು ಬಿಟ್ಟು ನೇರ ಹಾಡಿಗೆ ಬಂದ.

"ಅದನ್ನೂ ಹೇಳಿ ಸಾರ್. ಅದಿಲ್ದಿದ್ರೆ ಜನಕ್ಕೆ ಗೊತ್ತಾಗ್ಬಿಡುತ್ತೆ."

ಅವನು ಟವೆಲಿನಿಂದ ಕೈಯ ಬೆವರು ಒರೆಸಿಕೊಂಡ. ಆಮೇಲೆ ಹೇಳಿದ.

ಮರುದಿನ ಬೆಳಿಗ್ಗೆ ಅವಳು ಮಲ್ಲಿಗೆ ಮುಡಿದಿದ್ದಳು, ಅವನು ಇಸ್ತ್ರಿ ಮಾಡಿದ ಶರಟು ತೊಟ್ಟಿದ್ದ. ಹೋಟೆಲಿನ ರೇಡಿಯೋದಲ್ಲಿ ಅವನದೇ ದನಿ ಬಂದಾಗ ಇಬ್ಬರೂ ಕಳ್ಳರಂತೆ ಮುಖ ಮುಖ ನೋಡಿಕೊಂಡು ನಕ್ಕರು. ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಿತ್ತು. ನಿಮ್ಮ ದನಿ ರೇಡಿಯೋದಲ್ಲೇ ಚೆಂದ ಎಂದು ಅವಳು ಕೆಣಕಿದಳು. ಎದುರಿಗೆ ಕೂತವರ ಮುಂದೆ ಅದಕ್ಕೆ ಹೆದರಿಕೆ ಎಂದ ಅವನು, ಮೀಸೆಗೆ ಹತ್ತಿದ ಚಟ್ನಿಯ ಅರಿವೂ ಇಲ್ಲದೆ. ಅದನ್ನು ಒರೆಸಲೇ ಬೇಡವೇ ಎಂದು ಯೋಚಿಸುತ್ತಲೇ ಅವಳು ಎರಡು ಕಾಫಿ ಮುಗಿಸಿದಳು. ಆಮೇಲೆ ಎಷ್ಟೋ ದಿನ ಅವಳನ್ನು ಸುಟ್ಟದ್ದು ಆ ಬೆಳಗಿನ ಸುಖವೇ.

ವಾಪಸ್ ಬಂದಾಗ ಸ್ಟೇಷನ್‌ನ ಮೆಟ್ಟಿಲ ಬಳಿ ಜನ ಗುಂಪುಗೂಡಿದ್ದರು. ಮಧ್ಯೆ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದಿದ್ದ ಮಹಾದೇವಿ, ಮಡಿಲಲ್ಲಿ ನಾಲ್ಕು ವರ್ಷದ ಮಗನನ್ನು ಅವುಚಿಕೊಂಡು ಕೂತಿದ್ದಳು. ಅವಳು ನಲ್ಲಿಯ ಹತ್ತಿರ ನೀರು ಹಿಡಿಯುವಾಗ ಹುಡುಗ ಎಲ್ಲೋ ನಡೆದುಹೋಗಿದ್ದ. ಟೀ ಅಂಗಡಿಯ ರೇಡಿಯೋದಲ್ಲಿ ಬಾಗಿಲು ತೆಗೆದೇ ಇದೆ ಎಂದದ್ದು ಕೇಳಿ ಓಡಿಬಂದಿದ್ದಳು. ಬಾಗಿಲಿಗೆ ಒಳಬೀಗ, ಒಳಗೆ ಯಾರೂ ಇಲ್ಲವೆಂದು ಹೊರಗಿನಿಂದ ಗೊತ್ತಾಗುವಂತಿರಲಿಲ್ಲ. ಹುಡುಗ ಕೊನೆಗೆ ಸಿಕ್ಕಿದ್ದು ಎರಡು ರಸ್ತೆ ಆಚೆ, ಫ್ಯಾಕ್ಟರಿ ಗೇಟಿನ ಸೆಕ್ಯುರಿಟಿಯವನಿಗೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಒಳಗ ಕುಂತು ಮಾತಾಡಾಕತ್ತಿದ್ರಿ ಅಣ್ಣಾರ. ನಾ ಕೈ ಕೆಂಪಾಗೂತನಾ ಬಾಗ್ಲಾ ಬಡದ್ನಿ, ನೀವು ನಗಾಕತ್ತಿದ್ರಿ. ಹೊರಗಿನಿಂದ ಬಂದವ್ರು ಅಂತ ತೆಗೀಲಿಲ್ಲೇನ್ರಿ?"

ಆವಲಪ್ಪನ ಮುಖ ಇದ್ದಕ್ಕಿದ್ದಂತೆ ಮುದಿಯಾಯಿತು. "ನಾನು ಒಳಗಿರ್ಲಿಲ್ಲ ತಾಯಿ," ಎಂದ. "ನನ್ನ ದನಿ ಮಾತ್ರ ಇತ್ತು. ತಪ್ಪು ನಂದೇ."

ಎಲ್ಲಿ ಹೋಗಿದ್ದ, ಯಾರ ಜೊತೆ, ಯಾರು ಹೇಳಿಕೊಟ್ಟದ್ದು, ಒಂದನ್ನೂ ಅವನು ಬಾಯಿ ಬಿಡಲಿಲ್ಲ. ವೇಣಿ ಅವನ ಹಿಂದೆಯೇ ನಿಂತಿದ್ದಳು. ಹೇಳಬೇಕಿತ್ತು, ನಾಲಿಗೆ ಏಳಲಿಲ್ಲ. ಯಾರೋ ಒಬ್ಬಳು ತನ್ನ ಮಲ್ಲಿಗೆಯನ್ನು ನೋಡಿದಳೆನ್ನಿಸಿ ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಛೀ, ಅವನೊಬ್ಬ ತಲೆ ತಗ್ಗಿಸಿ ನಿಂತಿರುವಾಗ ತಾನು ಹೂವು ಮುಚ್ಚಿಕೊಳ್ಳುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನದಿಂದ ಆವಲಪ್ಪ ಬರಲಿಲ್ಲ. ಫೋನೂ ಎತ್ತಲಿಲ್ಲ. ಸ್ಟೇಷನ್ ನೋಡಿಕೊಳ್ಳುತ್ತಿದ್ದ ನರಸಿಂಹಯ್ಯನವರಿಗೆ ಅದೇನೂ ದೊಡ್ಡ ಚಿಂತೆಯಾಗಲಿಲ್ಲ. ಹಳೆಯ ರೆಕಾರ್ಡಿಂಗ್ ಬೇಕಾದಷ್ಟಿವೆ, ಅಲ್ಲಲ್ಲಿ ಕತ್ತರಿಸಿ ಜೋಡಿಸಿಕೊಡಿ, ಆವಲಪ್ಪ ಇಲ್ಲದಿದ್ದರೂ ಆವಲಪ್ಪ ನಡೆಯುತ್ತಾನೆ ಎಂದರು. ವೇಣಿ ಹೆಡ್‌ಫೋನ್ ಹಾಕಿಕೊಂಡು ಕೂತಳು. ಕಿವಿಯೊಳಗೆ ಅವನು ಮತ್ತೆ ಮತ್ತೆ ಹೇಳಿದ, ನಾನು ಇಲ್ಲೇ ಇದ್ದೀನಿ. ಅವಳಿಗೆ ಅಳು ಬಂತು. ತಾನು ಕಲಿಸಿದ ವಿದ್ಯೆಯೇ ಅವನನ್ನು ಹೊರಗೆ ಹಾಕುತ್ತಿತ್ತು, ಮತ್ತು ಅದನ್ನು ಮಾಡುವ ಕೈಯೂ ತನ್ನದೇ.

ಇದು ನನ್ನ ಕೈಲಾಗದು ಎಂದು ನರಸಿಂಹಯ್ಯನವರಿಗೆ ಹೇಳಿ ಎದ್ದಳು. ಅಲ್ಲಿಂದ ನೇರ ಮಹಾದೇವಿಯ ಶೀಟ್ ಮನೆಗೆ ಹೋದಳು. ಬಾಗಿಲಲ್ಲೇ ನಿಂತು, ಕೂರು ಎನ್ನುವ ಮೊದಲೇ, ಎಲ್ಲ ಹೇಳಿಬಿಟ್ಟಳು. ಬಾಗಿಲಿನ ಆ ಮಾತು ಬೇಡವೆಂದು ಆವಲಪ್ಪನವರು ಬಿಟ್ಟಿದ್ದರು, ಹೇಳಿಸಿದವಳು ನಾನು, ಅವರನ್ನು ಹೊರಗೆ ಕರೆದೊಯ್ದವಳೂ ನಾನು, ಆ ದಿನ ಹಿಂದೆ ನಿಂತು ಬಾಯಿ ಮುಚ್ಚಿಕೊಂಡವಳೂ ನಾನೇ ಎಂದಳು.

ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು.

"ಇಡ್ಲಿ ತಿನ್ನೋಕೆ," ಎಂದಳು ವೇಣಿ, ನೆಲ ನೋಡುತ್ತ.

ಮಹಾದೇವಿಯ ಕೈ ಆಗ ನಿಂತಿತು. ಅವಳು ವೇಣಿಯ ಮುಖವನ್ನು ಪೂರಾ ಒಮ್ಮೆ ನೋಡಿದಳು.

"ಹೋಗಬ್ಯಾಡ್ರಿ ಅಂದವ್ರು ಯಾರಕ್ಕಾ? ಹೋಗೇವಿ ಅಂತ ಒಂದ್ ಮಾತು ಹೇಳಿದ್ರ, ನಾ ಆ ಬಾಗ್ಲಾ ಬಡೀತಾ ನಿಂದ್ರತಿದ್ದಿಲ್ಲ. ಬ್ಯಾರೆ ಕಡೆ ಹುಡುಕತಿದ್ನಿ." ರೊಟ್ಟಿಯನ್ನು ಹೆಂಚಿಗೆ ಹಾಕಿದಳು. "ಈಗ ಆ ಅಣ್ಣಾರ್ನ ಕರ್ಕೊಂಡು ಬರ್ರಿ. ಮುಂಜಾನಿ ಭಣಭಣ ಅನ್ನತೈತಿ."

ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ಒಂದು ಬಿಸಿ ರೊಟ್ಟಿ ಕೊಟ್ಟಳು. ವೇಣಿ ಅದನ್ನು ನಿಂತೇ ತಿಂದಳು.

ದಾಸರಹಳ್ಳಿಯಲ್ಲಿ ಆವಲಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ, ಆದರೆ ಒಳಗೆ ಕರೆಯಲಿಲ್ಲ. ಮಹಾದೇವಿಯ ಹತ್ತಿರ ಹೋಗಿಬಂದದ್ದನ್ನು ಅವಳು ಹೇಳಿದಳು. ಅವನು ತಲೆಯಾಡಿಸಿದ. ಬಾಯಿ ನನ್ನದು, ನೀವ್ಯಾಕೆ ಹೊತ್ತುಕೊಳ್ಳುತ್ತೀರಿ ಎಂದ.

"ಮತ್ತೆ ನನ್ನ ಫೋನ್ ಯಾಕೆ ಎತ್ತಲಿಲ್ಲ?"

ಮೈಕಿಲ್ಲದೆ ಮಾತಾಡುವುದು ಅವನಿಗೆ ಕಷ್ಟವೆಂದು ಅವಳಿಗೆ ಗೊತ್ತಿತ್ತು, ಕಾದಳು.

"ಆ ತಾಯಿ ಬಾಗಿಲು ಬಡೀತಿದ್ದಾಗ ನಾನು ನಿಮ್ಮನ್ನ ನೋಡ್ತಾ ಕೂತಿದ್ದೆ ವೇಣಿ. ಅಷ್ಟು ಖುಷಿಯಾಗಿ ನಾನು ಯಾವತ್ತೂ ಇರ್ಲಿಲ್ಲ. ನಾಚಿಕೆ ಆಗೋದು ಅದಕ್ಕೆ. ಈಗ ನಿಮ್ಮ ಮುಖ ನೋಡಿದ್ರೆ ಎರಡೂ ಒಟ್ಟಿಗೇ ನೆನಪಾಗುತ್ತೆ."

"ನನಗೂ," ಎಂದಳು ವೇಣಿ. ಮೊದಲ ಸಲ ಅವನು ಮೇಡಂ ಬಿಟ್ಟು ಹೆಸರು ಹಿಡಿದು ಕರೆದಿದ್ದ, ಅದಕ್ಕೆ ಸಂತೋಷಪಡಲೂ ಆಗ ಅವಳಿಗೆ ಧೈರ್ಯವಿರಲಿಲ್ಲ. "ನಾಚಿಕೆ ಇರ್ಲಿ ಬಿಡಿ, ಅದು ಹೋಗೋದು ಬೇಡ. ಆದ್ರೆ ನಾವು ಕದ್ದು ಹೋಗಿದ್ದು ತಪ್ಪು. ಇನ್ಮೇಲೆ ಎಲ್ಲಿಗೆ ಹೋದ್ರೂ ಹೇಳಿಯೇ ಹೋಗೋಣ."

ಮರುದಿನ ಬೆಳಿಗ್ಗೆ ಅವನು ಸ್ಟುಡಿಯೋದಲ್ಲಿದ್ದ. ಮೈಕಿನ ಮುಂದೆ ಆದದ್ದನ್ನೆಲ್ಲ ಒಪ್ಪಿಕೊಂಡು ಮಹಾದೇವಿಯ ಕ್ಷಮೆ ಕೇಳಿದ. ಆ ಹಳೆಯ ಮಾತನ್ನು ಮಾತ್ರ ಹೇಳಲಿಲ್ಲ, ಎಷ್ಟೋ ದಿನ ಹೇಳಲಿಲ್ಲ. ಬಾಗಿಲು ಮಾತ್ರ ತೆಗೆದೇ ಇರುತ್ತಿತ್ತು.

ವೇಣಿಯ ಪಾಠ ಮುಗಿಯುತ್ತ ಬಂತು. ಬೊಮ್ಮನಹಳ್ಳಿಯ ಹೊಸ ಸ್ಟೇಷನ್‌ಗೆ ಹೋಗಬೇಕಿದ್ದ ವಾರದಲ್ಲಿ ಅವನು ಫೋನ್ ಮಾಡಿ, ನಾಳೆ ಬೆಳಿಗ್ಗೆ ತುಮಕೂರು ರಸ್ತೆಯ ಹೋಟೆಲಿಗೆ ಬನ್ನಿ ಎಂದ. ಹಾಗಾದರೆ ಪ್ರೋಗ್ರಾಂ ಎಂದು ಅವಳು ಕೇಳಿದರೆ, ನೀವು ಬನ್ನಿ ಎಂದಷ್ಟೇ ಅಂದ. ಅವಳು ಹೆದರುತ್ತಲೇ ಹೋದಳು. ತಟ್ಟೆಗಳು ಬಂದವು. ರೇಡಿಯೋದಲ್ಲಿ ಅವನ ದನಿ ಶುರುವಾಯಿತು. ಅವಳು ಮುರಿದ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟಳು.

"ನಮಸ್ಕಾರ, ಇದು ನಿನ್ನೆ ಸಂಜೆ ಮಾಡಿಟ್ಟ ರೆಕಾರ್ಡಿಂಗ್," ಎಂದಿತು ರೇಡಿಯೋ. "ನಾನು ಇಲ್ಲಿಲ್ಲ. ವೇಣಿಯವರ ಜೊತೆ ಇಡ್ಲಿ ತಿನ್ನೋಕೆ ಹೋಗಿದ್ದೀನಿ. ನನ್ನ ಮದ್ವೆ ಆಗ್ತೀರಾ ಅಂತ ಅವ್ರನ್ನ ಇವತ್ತು ಕೇಳ್ಬೇಕು ಅಂತಿದ್ದೀನಿ, ಧೈರ್ಯ ಬಂದ್ರೆ. ಬಾಗಿಲು ತೆಗೆದೇ ಇದೆ. ಒಳಗೆ ಮಹಾದೇವಿ ಅಕ್ಕ ಕೂತಿದ್ದಾರೆ, ಏನೇ ಇದ್ರೂ ಹೋಗಿ ಹೇಳಿ."

ಕ್ಯಾಷ್ ಕೌಂಟರಿನವನು, ಸಪ್ಲೈಯರು, ಪಕ್ಕದ ಟೇಬಲ್ಲಿನವರು ಎಲ್ಲರೂ ಇತ್ತ ತಿರುಗಿದರು. ಆವಲಪ್ಪ ತಲೆ ಬಗ್ಗಿಸಿ ಇಡ್ಲಿಯನ್ನೇ ನೋಡುತ್ತಿದ್ದ. ಕಿವಿಯೆಲ್ಲ ಕೆಂಪಾಗಿತ್ತು.

ವೇಣಿಗೆ ಮತ್ತೆ ನಾಚಿಕೆಯಾಯಿತು. ಆದರೆ ಈ ಸಲ ಅವಳು ಸೆರಗಿನಿಂದ ಮಲ್ಲಿಗೆ ಮುಚ್ಚಿಕೊಳ್ಳಲಿಲ್ಲ.

"ರೆಕಾರ್ಡ್ ಮಾಡಿಕೊಟ್ಟದ್ದು ಯಾರು?" ಎಂದಳು.

"ನಾನೇ," ಎಂದ. "ಡಬಲ್ ಕ್ಲಿಕ್ ಬಂತು."

"ಧೈರ್ಯ?"

ಅವನು ತಲೆಯೆತ್ತಿದ. ಅವನ ಮೀಸೆಗೆ ಮತ್ತೆ ಚಟ್ನಿ ಹತ್ತಿತ್ತು. ವೇಣಿ ಎಲ್ಲರೂ ನೋಡುತ್ತಿದ್ದಂತೆಯೇ ಕೈ ಚಾಚಿ ಅದನ್ನು ಒರೆಸಿದಳು.