ಯಾರ ಬೆರಳಿನ ರಕ್ತ

ಮಾರ್ಚ್ ಹನ್ನೆರಡರ ಬೆಳಿಗ್ಗೆ ಬೆಳ್ಳಟ್ಟಿಯ ಸುಮಿತ್ರವ್ವ ಬೆಟಗೇರಿ ಠಾಣೆಗೆ ಬಂದಳು. ಸಕ್ಕರೆ ಕಾಯಿಲೆ ವಿಪರೀತಕ್ಕೇರಿ ಖಾಸಗಿ ಆಸ್ಪತ್ರೆಯ ಐಸಿಯು ಸೇರಿದ್ದ ಅವಳ ಗಂಡ ಅಂದಪ್ಪ ಹಿಂದಿನ ದಿನ ತೀರಿಕೊಂಡಿದ್ದ.

"ಆ ಶೈಲಾ ನರ್ಸ್ ಇನ್ಸುಲಿನ್ ಬಂದ್ ಮಾಡಿ ಕೊಂದಳ್ರೀ ಬಾಯಾರ."

ಇನ್ಸ್‌ಪೆಕ್ಟರ್ ಜಾಹ್ನವಿ ಎಫ್‌ಐಆರ್ ದಾಖಲಿಸಿ, ಮಧ್ಯಾಹ್ನವೇ ಐಸಿಯುವಿನಲ್ಲಿ ಪಂಚನಾಮೆ ಮಾಡಿದರು. ಹಾಸಿಗೆ ಪಕ್ಕದಲ್ಲೇ ಸಕ್ಕರೆ ನೋಡುವ ಮೀಟರಿನ ಮಾಹಿತಿ ನೇರ ಕಂಪ್ಯೂಟರಿಗೆ ಹೋಗುತ್ತಿತ್ತು. ಅದನ್ನು ನೋಡಿಕೊಳ್ಳುವ ಸಮೀರ ಪರದೆ ತೋರಿಸಿದ.

"ಅಂದಪ್ಪನ ನಂಬರು, ಶೈಲಾನ ಕಾರ್ಡು. ಸಕ್ಕರಿ ಪ್ರತಿ ತಾಸಿಗೂ ನೂರರ ಆಸುಪಾಸು. ಅದನ್ನ ನೋಡೇ ಇನ್ಸುಲಿನ್ ನಿಲ್ಲಿಸ್ಯಾರ್ರಿ."

"ಲ್ಯಾಬಿಗೆ ಹೋದ ರಕ್ತ?"

"ಐನೂರಾ ನಲವತ್ತು. ಅದೂ ಅದೇ ಹೊತ್ತಿಂದು. ವರದಿ ಬರೂದು ತಡ ಆತು."

"ಮೀಟರು ಕೆಟ್ಟಿತ್ತೇನು?"

"ಇಲ್ರಿ. ಉಳಿದ ಪೇಶಂಟುಗಳದೆಲ್ಲಾ ಲ್ಯಾಬಿಗೆ ಹೊಂದತೈತಿ."

"ಹಂಗಾರ ಮೀಟರಿಗೆ ಬಿದ್ದದ್ದು ಅಂದಪ್ಪನ ರಕ್ತ ಅಲ್ಲ," ಎಂದ ಹವಾಲ್ದಾರ ಪುಂಡಲೀಕಪ್ಪ.

ಸಿಸಿಟಿವಿಯಲ್ಲಿ ಶೈಲಾ ತನ್ನ ಕಾರ್ಡು, ರೋಗಿಯ ಕೈಪಟ್ಟಿ ಸ್ಕ್ಯಾನ್ ಮಾಡಿ, ಮೀಟರನ್ನು ಸುಮಿತ್ರವ್ವನ ಕೈಗಿತ್ತು ಬೇರೆ ಹಾಸಿಗೆಗೆ ಓಡುತ್ತಿದ್ದಳು. ಆಮೇಲೆ ಸುಮಿತ್ರವ್ವನ ಬೆನ್ನಷ್ಟೇ ಕಾಣುತ್ತಿತ್ತು.

ಸುಮಿತ್ರವ್ವನನ್ನು ಮತ್ತೆ ಕರೆಸಿದರು.

"ಯಾರ ಬೆರಳು ಚುಚ್ಚಿದಿ ಅವ್ವಾ?"

ಅವಳು ಎಡಗೈ ಮುಂದೆ ಹಿಡಿದಳು. ಬೆರಳ ತುದಿಯೆಲ್ಲಾ ಚುಕ್ಕಿ ಚುಕ್ಕಿ.

"ಸೂಜಿ ಕಂಡ್ರ ಅವ್ರು ಕೂಸಿನಂಗ ಚೀರತಿದ್ರು. ಅದಕ್ಕ ನಂದ ಕೊಟ್ಟೆ. ಒಂದ ತಾಟಿನ್ಯಾಗ ಉಂಡು ಬೆಳದ ರಗತ, ಬ್ಯಾರೆ ಇರತೈತೇನ್ರಿ?"

ಜಾಹ್ನವಿ ಅದನ್ನು ಹೇಳಿಕೆಯಲ್ಲಿ ಬರೆದುಕೊಂಡರು. ಪುಂಡಲೀಕಪ್ಪ ಕಿಟಕಿ ಕಡೆ ತಿರುಗಿದ.

ಜಿಲ್ಲಾ ವೈದ್ಯರ ಸಮಿತಿಯ ಅಭಿಪ್ರಾಯ ಏಪ್ರಿಲ್ ಮೂರಕ್ಕೆ ಬಂತು: ತರಬೇತಿಯಿಲ್ಲದವರ ಕೈಗೆ ಮೀಟರು ಕೊಟ್ಟದ್ದು ನಿರ್ಲಕ್ಷ್ಯ. ಅದೇ ದಿನ ಶೈಲಾಳನ್ನು ಬಂಧಿಸಿ, ಸುಮಿತ್ರವ್ವನ ಹೇಳಿಕೆ ತಿಳಿಸಿದರು.

"ಮೀಟರು ಆಕಿ ಕೈಗೆ ಯಾಕ ಕೊಟ್ಟಿ?" ಎಂದರು ಜಾಹ್ನವಿ.

"ಹದಿನಾಲ್ಕು ಹಾಸಿಗಿಗೆ ಇಬ್ರ ಇದ್ವಿರಿ. ಒಬ್ರ ಉಸಿರು ನಿಂತಾಗ ಇನ್ನೊಬ್ರ ಬೆರಳು ಹಿಡಕೊಂಡು ಕುಂಡ್ರಾಕ ಆಗೂದಿಲ್ರಿ. ಅವ್ವ ಚುಚ್ಚೂದು ಜಲ್ದಿ ಕಲಿತಳು." ಆಮೇಲೆ ಅವಳೇ ಕೇಳಿದಳು, "ಆಕಿಗೆ ಖಬರ ಐತೇನ್ರಿ, ಗಂಡ ಯಾತರಿಂದ ಸತ್ತ ಅಂತ?"

"ಇಲ್ಲ."

"ಹೇಳಬ್ಯಾಡ್ರಿ."

"ಆಕಿ ಹೇಳಿಕಿ ಚಾರ್ಜ್‌ಶೀಟಿನ್ಯಾಗ ಬರಬೇಕು. ಕೋರ್ಟಿನ್ಯಾಗ ಓದತಾರ."

"ಅಲ್ಲಿತನಕರೆ ಹೇಳಬ್ಯಾಡ್ರಿ."

ಠಾಣೆಯಲ್ಲೇ ಜಾಮೀನಿನ ಕಾಗದಕ್ಕೆ ಶೈಲಾ ಸಹಿ ಹಾಕುತ್ತಿದ್ದಾಗ ಸುಮಿತ್ರವ್ವ ಬಾಗಿಲಲ್ಲಿ ಬಂದು ನಿಂತಳು. ಶೈಲಾ ತಲೆ ಎತ್ತಲಿಲ್ಲ.

"ತಪ್ಪು ಒಪ್ಪಿದಳೇನ್ರಿ?"

ಜಾಹ್ನವಿ ಕಡತ ಮುಚ್ಚಿದರು.

"ಒಪ್ಪಿದಳವ್ವಾ. ನೀ ಇನ್ನ ಮನಿಗೆ ಹೋಗು."