ಮಾಲವಣದಿಂದ ಬಂದ ಸಪ್ಪಳ

“ಕಾಕಾ, ಫೋನ್ ಬಂತ ನೋಡ! ಟ್ರಿಣ್ ಟ್ರಿಣ್!”

ವಿಕ್ರಾಂತ ಗಡಬಡಿಸಿ ಜೇಬು ಮುಟ್ಟಿ ನೋಡಿಕೊಂಡ. ಫೋನು ಸುಮ್ಮನಿತ್ತು.

“ಫೋನ್ ಅಲ್ಲೋ, ನಿನ್ನ ಕಿವ್ಯಾಗಿನ ಗಂಟಿ ಅದು!” ಎಂದು ಸ್ನೇಹಲ ಚಪ್ಪಾಳೆ ತಟ್ಟಿದಳು. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು.

ವಿಕ್ರಾಂತ ಅವಳ ಅಪ್ಪನ ತಮ್ಮ. ಇಪ್ಪತ್ತೆರಡು ವರ್ಷದವನು. ಹದಿನೈದು ದಿನದ ಹಿಂದೆ ಗೆಳೆಯರ ಜೊತೆ ಮಾಲವಣದ ಸಮುದ್ರಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬಂದಿದ್ದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಮೀನುಗಳ ನಡುವೆ ತೇಲುವ ವಿಡಿಯೊವನ್ನು ಅರ್ಧ ಸದಲಗಾ ಊರಿಗೇ ತೋರಿಸಿದ್ದ. ಮರುದಿನದಿಂದಲೇ “ಎಡಗಿವ್ಯಾಗ ಕುಂಯ್ ಅನ್ನಾಕತ್ತೈತಿ” ಎಂದು ಶುರುಮಾಡಿದ.

ಆ ಸಪ್ಪಳ ಬೇರೆ ಯಾರಿಗೂ ಕೇಳಿಸಲಿಲ್ಲ. ಹಾಗಾಗಿ ಯಾರೂ ನಂಬಲಿಲ್ಲ.

“ಹೊಳ್ಯಾಗ ನೆಟ್ಟಗ ಈಸಾಕ ಬರೂದಿಲ್ಲ, ಸಮುದ್ರದ ತಳಾ ನೋಡಾಕ ಹೋಗಿದ್ದ ದೊಡ್ಡ ಸಾಹೇಬ!” ಅಜ್ಜಿ ಕಸ್ತೂರೆವ್ವ ಮೂಗು ಮುರಿದಳು. “ಕಬ್ಬಿಗೆ ನೀರ ಹಾಯ್ಸು ಅಂದ್ರ ಸಾಕು, ಇವನ ಕಿವಿ ಕುಂಯ್ ಅಂತೈತಿ.”

“ಹೌದ ಆಯಿ, ಬರೇ ನಾಟಕ!” ಎಂದಳು ಸ್ನೇಹಲ.

ಶಾಲೆಯಲ್ಲೂ ಅವಳು ಅದನ್ನೇ ಆಡಿ ತೋರಿಸುತ್ತಿದ್ದಳು. ನೀರಿನ ಬಾಟಲಿಯನ್ನು ಬೆನ್ನಿಗೆ ಕಟ್ಟಿಕೊಂಡು, ಕಿವಿ ಹಿಡಿದುಕೊಂಡು, “ಯಾರರೆ ಬಾಗ್ಲಾ ತಗೀರೆಪ್ಪಾ, ಬೆಲ್ ಹೊಡ್ಯಾಕತ್ತಾರ!” ಎನ್ನುವಳು. ಗೆಳತಿಯರು ಹೊಟ್ಟೆ ಹಿಡಿದು ನಗುವರು.

ಶನಿವಾರ ಅಪ್ಪ ಧರೆಪ್ಪ ರೇಗಿದ. “ಇವತ್ತ ಚಿಕ್ಕೋಡಿಗೆ ಹೋಗಿ ತೋರ್ಸಿ ಬಾ. ಏನೂ ಇಲ್ಲ ಅಂದ್ರ ನಾಳಿಂದ ಸುಮ್ಮನ ಹೊಲಕ್ಕ ನಡಿ. ಸ್ನೇಹಲ, ನೀನೂ ಹೋಗ. ಡಾಕ್ಟರ್ ಏನ್ ಹೇಳ್ತಾರ ಕೇಳ್ಕೊಂಡ ಬಾ. ಇಂವಾ ಬಂದು ಸುಳ್ಳ ಹೇಳಾಂವ.”

ಸ್ನೇಹಲ ಕಳ್ಳನನ್ನು ಹಿಡಿದ ಪೊಲೀಸಿನ ಹಾಗೆ ಬಸ್ ಹತ್ತಿದಳು.

ಕಿವಿ ಡಾಕ್ಟರ್ ಮೇಡಮ್ ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ವಿಕ್ರಾಂತನನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಸಪ್ಪಳ ಕೇಳಿದಾಗಲೆಲ್ಲ ಅವನು ಬಟನ್ ಒತ್ತಬೇಕಿತ್ತು.

ಬಲಗಿವಿಯ ಸರದಿಯಲ್ಲಿ ಅವನ ಹೆಬ್ಬೆರಳು ಪಟಪಟನೆ ಆಡಿತು. ಎಡಗಿವಿಯ ಸರದಿ ಬಂತು. ಮೇಡಮ್ ಮಶೀನಿನ ಗುಂಡಿ ತಿರುಗಿಸುತ್ತಲೇ ಇದ್ದರು. ಹೆಬ್ಬೆರಳು ಆಡಲಿಲ್ಲ. ವಿಕ್ರಾಂತ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಉಸಿರು ಬಿಗಿಹಿಡಿದು ಕೇಳಲು ನೋಡುತ್ತಿದ್ದ. ಅವನ ಹಣೆ ಬೆವರಿತ್ತು.

ಸ್ನೇಹಲ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ‘ಒತ್ತು ಕಾಕಾ, ಒತ್ತು’ ಎಂದು ಒಳಗೊಳಗೇ ಅಂದುಕೊಂಡಳು.

ಹೊರಗೆ ಬಂದ ಮೇಲೆ ಮೇಡಮ್ ಕೇಳಿದರು. “ಸಮುದ್ರಕ್ಕ ಇಳಿದ ದಿನಾ ನೆಗಡಿ ಇತ್ತೇನ್ರಿ?”

“ಇತ್ರಿ.”

“ಕೆಳಗ ಇಳಿಯೂಮುಂದ ಕಿವಿ ನೋಯ್ಲಿಲ್ಲಾ?”

“ಭಾಳ ನೋಯ್ತ್ರಿ.”

“ಹಂಗ ನೋಯ್ತಂದ್ರ ಕೈ ಸನ್ನಿ ಮಾಡಿ ಮ್ಯಾಲ ಬರಬೇಕು. ಕಲಿಸಿರ್ತಾರಲ್ಲಾ?”

ವಿಕ್ರಾಂತ ತಲೆ ತಗ್ಗಿಸಿದ. “ಹೌದ್ರಿ, ಕಲಿಸಿದ್ರು. ಗೆಳ್ಯಾರು ಬಾಜೂಕ ಇದ್ರು. ಹೆದರಿದಾ ಅಂತ ನಗ್ತಾರಂತ ಸುಮ್ಮನಾದೆ.”

“ಎಡಗಿವಿ ಭಾಳ ಕಡಿಮಿ ಕೇಳಾಕತ್ತೈತಿ. ನೀರಿನ ಒತ್ತಡಕ್ಕ ಒಳಗಿವಿಗೆ ಪೆಟ್ಟ ಬಿದ್ದಿರಬಹುದು. ಅದರಿಂದನ ಆತು ಅಂತ ಈಗ ಖಾತ್ರಿ ಹೇಳಾಕ ಬರೂದಿಲ್ಲ, ಇನ್ನೊಂದ ಟೆಸ್ಟ್ ಆಗಬೇಕು. ಸಪ್ಪಳ ಕಡಿಮಿ ಆಗಬಹುದು, ಉಳೀಲೂಬಹುದು. ಮೊದಲ ದಿನಾನ ಬರಬೇಕಿತ್ತ ನೀವು. ಹದಿನೈದ ದಿನಾ ಮನ್ಯಾಗ ಯಾಕ ಕುಂತ್ರಿ?”

ಸ್ನೇಹಲಳಿಗೆ ಉತ್ತರ ಗೊತ್ತಿತ್ತು. ಅವಳು ತನ್ನ ಚಪ್ಪಲಿ ನೋಡುತ್ತ ನಿಂತಳು.

ಬಸ್ಸಿನಲ್ಲಿ ಅವಳು ಕೇಳಿದಳು. “ಕಾಕಾ, ಈಗೂ ಅನ್ನಾಕತ್ತೈತೇನು?”

“ಹ್ಞೂಂ.”

“ಹೆಂಗ?”

ವಿಕ್ರಾಂತ ಅಚ್ಚರಿಯಿಂದ ಅವಳನ್ನು ನೋಡಿದ. ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. “ಸಕ್ಕರಿ ಕಾರ್ಖಾನಿ ಬಾಯ್ಲರ್ ಸೀಟಿ ಹೊಡದಂಗ. ಮಲಗಿದ್ರೂ ಬಂದ್ ಆಗೂದಿಲ್ಲ.”

ಮನೆಯ ಅಂಗಳದಲ್ಲೇ ಅಜ್ಜಿ ಕಾದಿದ್ದಳು. “ಬಂದ್ರೇನು? ಡಾಕ್ಟರ್ ಗಂಟಿ ಬಿಚ್ಚಿ ಕೈಯಾಗ ಕೊಟ್ರೇನಪಾ?”

ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಕಿಸಕ್ಕೆಂದರು. ಅಜ್ಜಿ ನಿಂತದ್ದು ವಿಕ್ರಾಂತನ ಎಡಕ್ಕೆ. ಅವನು ಗೊಂದಲದಿಂದ ಸ್ನೇಹಲಳತ್ತ ತಿರುಗಿದ.

“ಅವ್ವ ಏನಂದ್ಳ?”

ಸ್ನೇಹಲ ಅವನ ಬಲಕ್ಕೆ ಬಂದು, ಕೈ ಹಿಡಿದುಕೊಂಡು ಹೇಳಿದಳು.

“ಊಟಕ್ಕ ಬಾ ಅಂದ್ಳ, ಕಾಕಾ.”