ವರ್ಷ ಎಣಿಸೋ ಬಳೆ

ಟಿಕ್. ಟಿಕ್. ಟಿಕ್. ಪಿಳ್ಳಪ್ಪನ ಕೈಮೇಲೆ ಬಳೆ ಬಡೀತಾನೇ ಇತ್ತು. ಕೋಲಾರದ ಒಂದು ಕಿಡ್ನಿ ಆಸ್ಪತ್ರೆ, ಇಸವಿ ಎರಡು ಸಾವಿರದ ಐವತ್ತೆಂಟು.

"ಗಂಡಸಿಗೆ ಬಳೆ ತೊಡಿಸಿಬಿಟ್ರಲ್ಲ ಮೇಡಂ!" ಅಂದ ಪಿಳ್ಳಪ್ಪ.

ಅದು ಅಂತಿಂಥ ಬಳೆ ಅಲ್ಲ. ಕೈಮೇಲೆ ಸೊಳ್ಳೆ ಕೂತ್ರೆ ಸೊಳ್ಳೆ ಬಿಪಿನೂ ಹೇಳ್ತದೆ ಅಂತ ಊರೆಲ್ಲಾ ಮಾತು. ಕಂಡುಹಿಡಿದೋರು ಕೆಜಿಎಫ್‌ನ ಅಮುದಾ ಡಾಕ್ಟ್ರು, ಈಗ ಅವನ ಎದುರಿಗೇ ಕೂತಿದ್ದೋರು. ಬಿಪಿ ಏರಿದ ವರ್ಷದಿಂದ ರಕ್ತನಾಳದ ಗೋಡೆ ಗಡಸಾಗ್ತಾ ಹೋಗ್ತದೆ, ವರ್ಷಕ್ಕೊಂದು ಪದರ. ಕಿಡ್ನಿ ಸೋತ್ರೆ ಅದಕ್ಕೆ ಸುಣ್ಣಾನೂ ಕಟ್ತದೆ. ನಾಳ ಗಟ್ಟಿಯಾದಷ್ಟೂ ಬಿಪಿ ಇನ್ನೂ ಏರ್ತದೆ, ಕಿಡ್ನಿ ಇನ್ನೂ ಸಾಯ್ತದೆ. ಬಳೆ ಪದರಕ್ಕೊಂದು ಸಲ ಬಡೀತದೆ ಅಂತ ಅವರು ಬಿಡಿಸಿ ಹೇಳಿದ್ರು.

"ಇದೆಲ್ಲಾ ನನಗೆ ಹೇಳ್ಬೇಕಾ?" ಅಂದ ಪಿಳ್ಳಪ್ಪ. ಮೂವತ್ತು ವರ್ಷ ಪ್ಲಂಬರ್ ಕೆಲಸ ಮಾಡಿದೋನು. "ನಮ್ಮೂರ ಬೋರ್‌ವೆಲ್ ಪೈಪ್ ಕುಯ್ದು ನೋಡಿ, ಬೆರಳು ತೂರಲ್ಲ. ಒಂದ್ಸಲ ಒಂದೇ ಪೈಪಿಂದ ಸುಣ್ಣ ಕೆತ್ತಿ ಇಡೀ ಮನೆಗೆ ಬಳಿದಿದ್ದೀನಿ!"

ಮಗಳು ಯಶು ನಕ್ಕಳು. ಅವಳೂ ಪ್ಲಂಬರೇ. ಅಪ್ಪನಿಗೆ ತನ್ನ ಕಿಡ್ನಿ ಕೊಡೋಕೆ ಬಂದಿದ್ಳು. ಅದು ಸಿಗದಿದ್ರೆ ಅವನು ಹೆಚ್ಚು ದಿನ ಇರಲ್ಲ.

ಬಳೆ ನಿಂತಿತು. ಮೂವತ್ತೆರಡು.

"ಶುರುವಾಗಿದ್ದು ಇಪ್ಪತ್ತಾರನೇ ಇಸವಿ," ಅಂದ್ರು ಅಮುದಾ. "ಆವಾಗ ಯಾರೂ ಬಿಪಿ ನೋಡ್ಲಿಲ್ವಾ?"

"ನೋಡಿದ್ರು ಮೇಡಂ! ಬಸ್‌ಸ್ಟ್ಯಾಂಡ್ ಹತ್ರ ಎರಡು ದಿನ ಕ್ಯಾಂಪ್ ಹಾಕಿದ್ರು. ನರ್ಸಮ್ಮ ತೋಳಿಗೆ ಪಟ್ಟಿ ಕಟ್ಟಿ, 'ನೂರಾ ಅರವತ್ತು ಐತೆ, ನಾಳೆ ಇನ್ನೊಂದ್ಸಲ ಬಾಪ್ಪ' ಅಂದ್ರು. ನಾನು, 'ನಿಮ್ ಮಿಷಿನ್ ಕೆಟ್ಟೈತೆ ಅಕ್ಕಾ, ಸ್ಪ್ಯಾನರ್ ತರ್ಲಾ?' ಅಂದೆ. ನಿಂತಿದ್ದ ಜನ ಬಿದ್ದುಬಿದ್ದು ನಕ್ರು!"

ತೊಟ್ಟಿಲಲ್ಲಿದ್ದಾಗಿಂದ ಈ ಜೋಕು ಕೇಳಿದ್ದ ಯಶು ಇವತ್ತು ಮಾತ್ರ, "ಮರುದಿನ ಹೋದ್ಯಾ ಅಪ್ಪಾ?" ಅಂದ್ಳು.

"ತಲೆನೋವಿಲ್ಲ, ಏನಿಲ್ಲ. ಯಾಕೆ ಹೋಗ್ಲಿ?"

ಬಳೆ ಯಶು ಕೈಗೆ ಬಂತು. ಅದು ಸುಮ್ಮನಿದ್ರೆ ಕಿಡ್ನಿ ಕೊಡಬಹುದು. ಪಿಳ್ಳಪ್ಪ ಬಗ್ಗಿ ಬಳೆಗೆ ಕಿವಿ ಕೊಟ್ಟ.

ಟಿಕ್.

ಒಂದೇ ಒಂದು.

ಅಮುದಾ ಹಳೇ ಪಟ್ಟಿ ತಂದು ಯಶು ತೋಳಿಗೆ ಕಟ್ಟಿ ನೋಡಿದ್ರು. ಇನ್ನೊಂದು ತೋಳಿಗೂ ಕಟ್ಟಿದ್ರು. "ನೂರಾ ಐವತ್ತೆರಡು. ನಿನ್ನ ಕಿಡ್ನಿ ತಗೊಳ್ಳೋ ಹಾಗಿಲ್ಲಮ್ಮ. ಆದ್ರೆ ನಿಂದು ಈಗತಾನೇ ಶುರು. ನಾಳೆ ಬಾ, ಇನ್ನೊಂದ್ಸಲ ನೋಡಿ ಮಾತ್ರೆ ಕೊಡ್ತೀನಿ."

ಯಶು ಅಪ್ಪನ ಕಡೆ ನೋಡಿ, ಹೆಂಗೋ ನಗು ತಂದ್ಕೊಂಡ್ಳು. "ನನಗೇನಾಗೈತೆ? ನಿಮ್ ಬಳೆ ಕೆಟ್ಟೈತೆ ಮೇಡಂ. ಸ್ಪ್ಯಾನರ್..."

ಪಿಳ್ಳಪ್ಪ ನಗಲಿಲ್ಲ. ಮಗಳ ಬಾಯಿಮೇಲೆ ಕೈ ಇಟ್ಟ.

"ನಾಳೆ ಎಷ್ಟೊತ್ತಿಗೆ ಮೇಡಂ? ನಾನೇ ಕರ್ಕೊಂಬರ್ತೀನಿ."

ಇಪ್ಪತ್ತಾರನೇ ಇಸವಿಯಲ್ಲಿ ಇಂಥ ಬಳೆ ಎಲ್ಲಿತ್ತು? ಇರಲಿಲ್ಲ. ತೋಳಿಗೆ ಕಟ್ಟೋ ಪಟ್ಟಿ ಮಾತ್ರ ಇತ್ತು. ಆ ನರ್ಸಮ್ಮ ಅದನ್ನ ಮೇಜಿನ ಮೇಲಿಟ್ಕೊಂಡು, ಮರುದಿನ ಸಾಯಂಕಾಲದ ತನಕ ಅಲ್ಲೇ ಕೂತಿದ್ರು.